ಸೋಡಚೀಟಿ, ಕೂಡಿಕೆ, ಪಾರಿಖತ್ತು: ಬೇರೆ ಆಗೋ ಪದಗಳ ಕಥೆ

ದಾವಣಗೆರೆ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆ ಮೇಲಿನ ರೂಮಿಂದ ಮಾತಾಡ್ತಾ ಇದ್ದೀನಿ. ಮಧ್ಯೆ ಕುಕ್ಕರ್ ಕೂಗಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಒಂದು ವಾಟ್ಸ್ಯಾಪ್ ಫಾರ್ವರ್ಡ್ ನಿಮಗೂ ಬಂದಿರತ್ತೆ. ಇಂಗ್ಲಿಷಿನಲ್ಲಿ ಡಿವೋರ್ಸ್ ಅಂತಾರೆ, ಉರ್ದುವಿನಲ್ಲಿ ತಲಾಖ್ ಅಂತಾರೆ, ನಮ್ಮ ಭಾಷೆಯಲ್ಲಿ ಅದಕ್ಕೆ ಪದವೇ ಇಲ್ಲ, ಯಾಕಂದ್ರೆ ನಮ್ಮಲ್ಲಿ ಗಂಡ ಹೆಂಡತಿ ಬೇರೆ ಆಗೋ ಪದ್ಧತಿಯೇ ಇರಲಿಲ್ಲ. ಕೊನೆಗೆ ಕೈಮುಗಿಯೋ ಎಮೋಜಿ. ಹಿಂದಿಯಲ್ಲೂ ಓಡಾಡತ್ತೆ, ಕನ್ನಡದಲ್ಲೂ ಓಡಾಡತ್ತೆ. ನಾನು ಗಮನಿಸಿದ ಹಾಗೆ ಇದು ಸುಮ್ಮನೆ ಬರೋದಿಲ್ಲ. ಮನೆತನದ ಯಾವುದೋ ಹುಡುಗಿ ಗಂಡನ ಮನೆ ಬಿಟ್ಟು ತವರಿಗೆ ಬಂದಿರ್ತಾಳೆ, ಆ ವಾರ ಫ್ಯಾಮಿಲಿ ಗ್ರೂಪಿಗೆ ಯಾರೋ ಹಿರಿಯರು ಹಾಕ್ತಾರೆ. ಆ ಹುಡುಗಿಯೂ ಅದೇ ಗ್ರೂಪಿನಲ್ಲಿ ಇರ್ತಾಳೆ.

ಆ ಮೆಸೇಜು ನಿಜಾನಾ ಅಂತ ಇವತ್ತು ನೋಡೋಣ.

ಮೊದಲು ಕೋರ್ಟಿನ ಪದ. ಇಂಗ್ಲಿಷಿನ ಡಿವೋರ್ಸ್ ಬಂದಿದ್ದು ಲ್ಯಾಟಿನ್ನಿನ ಡಿವೋರ್ಟಿಯಮ್ ಅನ್ನೋ ಪದದಿಂದ. ಅದಕ್ಕೆ ದಾರಿ ಕವಲೊಡೆಯೋ ಜಾಗ ಅನ್ನೋ ಅರ್ಥವೂ ಇತ್ತು. ಇಬ್ಬರು ಒಟ್ಟಿಗೆ ನಡೀತಾ ಬಂದ್ರು, ಒಬ್ಬರು ಈ ಕಡೆ, ಒಬ್ಬರು ಆ ಕಡೆ. ಅದನ್ನ ಕನ್ನಡಕ್ಕೆ ತಂದಾಗ ನಾವು ಹಾಕಿದ್ದು ವಿಚ್ಛೇದನ. ಸಂಸ್ಕೃತದ ‘ಛಿದ್’ ಅಂದ್ರೆ ಕತ್ತರಿಸು. ದಾರಿ ಹೋಗಿ ಕತ್ತರಿ ಬಂತು. ಕಾನೂನು ಪುಸ್ತಕ, ಪತ್ರಿಕೆ, ಟಿ.ವಿ. ಸ್ಕ್ರೋಲ್ ಎಲ್ಲಾ ಕಡೆ ಇದೇ ಪದ. ಫಾರ್ವರ್ಡ್ ಕಳಿಸಿದವರು ಇಷ್ಟಕ್ಕೆ ಮಾತ್ರ ಸರಿ: ವಿಚ್ಛೇದನ ಅನ್ನೋ ಪದ ಅಜ್ಜಿಯಂದಿರ ಬಾಯಲ್ಲಿ ಬರ್ತಿರಲಿಲ್ಲ.

ಅವರ ಬಾಯಲ್ಲಿ ಬೇರೆ ಪದ ಇತ್ತು. ಹರಿಹರದ ಸೇತುವೆ ದಾಟಿ ರಾಣೆಬೆನ್ನೂರು, ಹಾವೇರಿ, ಧಾರವಾಡದ ಕಡೆ ಹೋದರೆ ‘ಸೋಡಚೀಟಿ’. ಮರಾಠಿಯ ‘ಸೋಡ್’ ಅಂದ್ರೆ ಬಿಡು, ಜೊತೆಗೆ ಚೀಟಿ. ಬಿಟ್ಟ ಚೀಟಿ. ಇವತ್ತಿಗೂ ರಾಜಕಾರಣಿ ಪಕ್ಷ ಬಿಟ್ಟರೆ ಪತ್ರಿಕೆಗಳು ‘ಪಕ್ಷಕ್ಕೆ ಸೋಡಚೀಟಿ’ ಅಂತ ಹೆಡ್ಡಿಂಗ್ ಕೊಡ್ತವೆ. ನನ್ನ ಫ್ರೆಂಡ್ ಒಬ್ಬ ಅದನ್ನ ಕುಡಿಯೋ ಸೋಡಾ ಅಂತಲೇ ಅಂದ್ಕೊಂಡಿದ್ದ. ಮೂಲದಲ್ಲಿ ಅದು ಗಂಡ ಹೆಂಡತಿ ಹಿರಿಯರ ಮುಂದೆ ಕೂತು ಸಂಬಂಧ ಬಿಟ್ಟುಕೊಟ್ಟ ಕಾಗದ.

ಬಿಟ್ಟಮೇಲೆ ಏನು? ಅದಕ್ಕೂ ಪದ ಇದೆ. ಹೆಣ್ಣು ಮತ್ತೊಬ್ಬನ ಜೊತೆ ಸಂಸಾರ ಹೂಡೋದಕ್ಕೆ ‘ಕೂಡಿಕೆ’, ‘ಸೀರುಡಿಕೆ’, ‘ಉಡಿಕೆ’. ಉತ್ತರದ ಕಡೆ ‘ಉಡಕಿ’. ಮೊದಲ ಮದುವೆಯಷ್ಟು ಗದ್ದಲ ಇಲ್ಲ. ಹೊಸ ಸೀರೆ ಉಡಿಸೋದೇ ಮುಖ್ಯ, ಹೆಸರು ಬಂದಿದ್ದೂ ಅದರಿಂದಲೇ. ಇದೇನು ನಾನು ಕಟ್ಟಿದ ಕಥೆ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಎಚ್.ವಿ. ನಂಜುಂಡಯ್ಯನವರು 1900ರ ದಶಕದಲ್ಲಿ ಜಾತಿ ಜಾತಿಗೂ ಹೋಗಿ ಪದ್ಧತಿಗಳನ್ನ ಬರೆಸಿದ್ರು. ಆಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಹೆಸರೂ ಸೇರಿ ಅದು 1928ರಿಂದ 1935ರ ತನಕ ನಾಲ್ಕು ಸಂಪುಟ ಆಗಿ ಬಂತು. ದುಡಿದು ತಿನ್ನೋ ಎಷ್ಟೋ ಸಮುದಾಯಗಳಲ್ಲಿ ಬಿಡೋದೂ ಇತ್ತು, ಮತ್ತೆ ಕೂಡೋದೂ ಇತ್ತು. ಕೆಲವು ಮೇಲ್ಜಾತಿಗಳಲ್ಲಿ ಇರಲಿಲ್ಲ. ಫಾರ್ವರ್ಡ್ ಹೇಳೋ ‘ನಮ್ಮಲ್ಲಿ’ ಅಂದ್ರೆ ಯಾರು ಅಂತ ಕೇಳಬೇಕಾಗಿರೋದು ಇಲ್ಲೇ.

ಸಂಸ್ಕೃತವೇ ಬೇಕು ಅನ್ನೋರಿಗೂ ಒಂದು ಉದಾಹರಣೆ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನ ಲೋಕಕ್ಕೆ ತೋರಿಸಿದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು; 1909ರಲ್ಲಿ ಅಚ್ಚಾಯಿತು. ಅದರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಬ್ಬರನ್ನ ಕಂಡ್ರೆ ಒಬ್ಬರಿಗೆ ಆಗದಿದ್ರೆ ಬೇರೆ ಆಗಬಹುದು ಅಂತ ಇದೆ. ಅದಕ್ಕೆ ಅಲ್ಲಿ ಬಳಸಿರೋ ಪದ ಏನು ಗೊತ್ತಾ? ಮೋಕ್ಷ. ಧರ್ಮವಿವಾಹ ಅನ್ನಿಸಿಕೊಂಡ ಮದುವೆಗಳಿಗೆ ಈ ಮೋಕ್ಷ ಇಲ್ಲ ಅನ್ನೋ ಷರತ್ತೂ ಅಲ್ಲೇ ಇದೆ, ಅದನ್ನೂ ಹೇಳಿಬಿಡಬೇಕು. ಆದ್ರೂ ಪದ ಇತ್ತು.

ಮೋಕ್ಷ, ಸೋಡಚೀಟಿ, ಬಿಡುಗಡೆ. ಮೂರರಲ್ಲೂ ಇರೋದು ಕೈಬಿಡೋ ಭಾವ. ಕತ್ತರಿಸೋದು ಆಮೇಲೆ ಬಂತು.

ಒಂದು ಮಾತು ಮಾತ್ರ ನನಗೆ ಹಿಡಿಸೋದಿಲ್ಲ: ‘ಗಂಡ ಬಿಟ್ಟವಳು’. ಗಂಡ ಇವಳನ್ನ ಬಿಟ್ಟನಾ, ಇವಳು ಗಂಡನ್ನ ಬಿಟ್ಟಳಾ? ಆ ಎರಡು ಪದದಲ್ಲಿ ಅದು ಗೊತ್ತಾಗೋದೇ ಇಲ್ಲ. ಓಣಿಗೆ ಅದು ಬೇಕಾಗಿಯೂ ಇಲ್ಲ. ಯಾರು ಬಿಟ್ಟರೂ ಹೆಸರು ಅಂಟೋದು ಅವಳಿಗೇ.

ಈಗ ಹೊಳೆ ಹತ್ತಿರ ಹೋಗೋಣ. ಹರಿಹರದ ಹತ್ತಿರ ತುಂಗಭದ್ರೆಗೆ 1868ರಲ್ಲಿ ಕಟ್ಟಿದ ಸೇತುವೆ ಇದೆ. ಈ ದಡ ಹರಿಹರ, ಆ ದಡ ಕುಮಾರಪಟ್ಟಣ. ಇವತ್ತು ಅದು ದಾವಣಗೆರೆ ಜಿಲ್ಲೆ, ಹಾವೇರಿ ಜಿಲ್ಲೆ ಅಷ್ಟೇ. ಆದ್ರೆ ಸ್ವಾತಂತ್ರ್ಯದ ಹೊತ್ತಿಗೆ ಈ ದಡ ಮೈಸೂರು ಮಹಾರಾಜರದ್ದು, ಆ ದಡ ಬಾಂಬೆ ಪ್ರಾಂತ್ಯದ ಧಾರವಾಡ ಜಿಲ್ಲೆ. ಎರಡೂ ಕಡೆ ಅದೇ ಕನ್ನಡ, ಹೆಣ್ಣು ಕೊಟ್ಟು ತರೋದು ಕೂಡ ಆ ಕಡೆ ಈ ಕಡೆ. ಕಾನೂನು ಮಾತ್ರ ಬೇರೆ ಬೇರೆ.

ಆ ದಡದಲ್ಲಿ ಬಾಂಬೆ ಹಿಂದೂ ಡಿವೋರ್ಸ್ ಕಾಯ್ದೆ 1947ರಲ್ಲೇ ಬಂತು. ಹೆಂಡತಿ ಕೋರ್ಟಿಗೆ ಹೋಗಿ ಡಿವೋರ್ಸ್ ಕೇಳಬಹುದಿತ್ತು. ಈ ದಡದಲ್ಲಿ ಅಂಥ ಕಾಯ್ದೆ ಇರಲಿಲ್ಲ. ಹರಪನಹಳ್ಳಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿಗೆ ಸೇರಿತ್ತು, ಅಲ್ಲಿ 1949ರಲ್ಲಿ ಮದ್ರಾಸಿನ ಕಾಯ್ದೆ. ಎಲ್ಲರಿಗೂ ಒಂದೇ ಅಂತ ಹಿಂದೂ ವಿವಾಹ ಅಧಿನಿಯಮ ಬಂದಿದ್ದು 1955ರಲ್ಲಿ. ಅದರ 30ನೇ ಕಲಮಿನಲ್ಲಿ, ಇನ್ನು ಮೇಲೆ ರದ್ದು ಅಂತ ಹಳೇ ಕಾಯ್ದೆಗಳ ಪಟ್ಟಿ ಇತ್ತು. ಬಾಂಬೆ ಇದೆ, ಮದ್ರಾಸ್ ಇದೆ, ಸೌರಾಷ್ಟ್ರ ಇದೆ. ಮೈಸೂರು ಇಲ್ಲ. ರದ್ದು ಮಾಡೋಕೆ ಏನಾದ್ರೂ ಇದ್ದಿದ್ರೆ ತಾನೇ? ಅಂದ್ರೆ ಎಂಟು ವರ್ಷ, ಒಂದು ಸೇತುವೆಯ ಆಚೆ ಹೆಣ್ಣಿಗೆ ಇದ್ದ ದಾರಿ ಈಚೆ ಇರಲಿಲ್ಲ. ಈಚೆಯವಳಿಗೆ ಇದ್ದಿದ್ದು ಹಿರಿಯರ ಪಂಚಾಯ್ತಿ, ಅದೂ ಅವಳ ಜಾತಿಯಲ್ಲಿ ರೂಢಿ ಇದ್ದರೆ.

ಹಾಗಂತ ಮೈಸೂರು ಹಿಂದೆ ಬಿದ್ದಿತ್ತು ಅಂತ ತೀರ್ಮಾನ ಮಾಡಬೇಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರಲ್ಲಿ, ಮೈಸೂರು ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಬಂತು. ಅಣ್ಣತಮ್ಮಂದಿರು ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೂ ಪಾಲು ಕೊಡಬೇಕು ಅಂತ. ಮಗಳಿಗೆ ಎಷ್ಟು? ಅಣ್ಣನ ಪಾಲಿನ ಕಾಲು ಭಾಗ. ಕಮ್ಮಿಯೇ. ಆದ್ರೆ ಹೊಳೆಯಾಚೆ ಅಣ್ಣತಮ್ಮಂದಿರ ಪಾಲಿನಲ್ಲಿ ಮಗಳಿಗೆ ಅಷ್ಟೂ ಇರಲಿಲ್ಲ. 1937ರ ಬ್ರಿಟಿಷ್ ಇಂಡಿಯಾದ ಕಾಯ್ದೆ ವಿಧವೆಗೆ ಬದುಕಿರೋ ತನಕದ ಹಕ್ಕು ಕೊಟ್ಟಿತು, ಮಗಳ ಮಾತೆತ್ತಲಿಲ್ಲ. ಈಚೆ ಪಾಲು ಇದೆ, ಡಿವೋರ್ಸ್ ಇಲ್ಲ. ಆಚೆ ಡಿವೋರ್ಸ್ ಇದೆ, ಮಗಳಿಗೆ ಪಾಲಿಲ್ಲ. ಎರಡೂ ಒಟ್ಟಿಗೆ ಬೇಕು ಅಂದ್ರೆ ಹೊಳೆ ಮಧ್ಯೆ ನಿಲ್ಲಬೇಕಿತ್ತು.

ಪಾಲಿನ ವಿಷಯ ಯಾಕೆ ತಂದೆ ಅಂದ್ರೆ, ನಮ್ಮ ಮನೆಗಳಲ್ಲಿ ‘ಬೇರೆ ಆದ್ರು’ ಅನ್ನೋ ಮಾತನ್ನ ಗಂಡ ಹೆಂಡತಿಗಿಂತ ಹೆಚ್ಚು ಅಣ್ಣತಮ್ಮಂದಿರಿಗೆ ಹೇಳ್ತೀವಿ. ಒಲೆ ಬೇರೆ ಆಯ್ತು, ಖಾತೆ ಬೇರೆ ಆಯ್ತು. ಇದಕ್ಕೆ ಕೋರ್ಟಿನ ಇಂಗ್ಲಿಷ್ ಪದ ಪಾರ್ಟಿಷನ್. ಸೇತುವೆಯ ಆಚೆ ಹಳೇ ಪದ ‘ವಾಟ್ನಿ’, ಮರಾಠಿಯ ಹಂಚು ಅನ್ನೋದರಿಂದ. ಈಚೆ ‘ಪಾಲು ಪಾರಿಖತ್ತು’. ಈ ಪಾರಿಖತ್ತು ಅರಬ್ಬಿಯಿಂದ ಪರ್ಷಿಯನ್ ದಾಟಿ ನಮ್ಮ ತನಕ ಬಂದಿದೆ. ‘ಫಾರಿಗ್’ ಅಂದ್ರೆ ಮುಕ್ತ, ‘ಖತ್’ ಅಂದ್ರೆ ಬರಹ. ಮತ್ತೆ ಅದೇ, ಬಿಟ್ಟ ಚೀಟಿ! ಮೋಕ್ಷ ಸಂಸ್ಕೃತ, ಸೋಡಚೀಟಿ ಮರಾಠಿ, ಪಾರಿಖತ್ತು ಪರ್ಷಿಯನ್, ಬಿಡುಗಡೆ ಕನ್ನಡ. ತಲಾಖ್ ಅವರದ್ದು, ನಮ್ಮದಲ್ಲ ಅಂತ ಫಾರ್ವರ್ಡ್ ಕಳಿಸೋರ ಮನೆಯ ಟ್ರಂಕಿನಲ್ಲೇ ಪರ್ಷಿಯನ್ ಹೆಸರಿನ ಕಾಗದ ಇರತ್ತೆ.

ಬಿ.ಕಾಂ.ನಲ್ಲಿ ಪಾರ್ಟ್‌ನರ್‌ಶಿಪ್ ಅಕೌಂಟ್ಸ್ ಓದಿದವರಿಗೆ ಡಿಸಲ್ಯೂಷನ್ ಅನ್ನೋ ಪದ ನೆನಪಿರಬೇಕು. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಅಂಗಡಿ ಮುಚ್ಚೋದಕ್ಕೂ ಅದೇ ಪದ, 1939ರ ಮುಸ್ಲಿಂ ವಿವಾಹಗಳ ಕಾಯ್ದೆಯಲ್ಲಿ ಮದುವೆ ಮುಗಿಯೋದಕ್ಕೂ ಅದೇ ಪದ. ಕನ್ನಡದಲ್ಲಿ ಒಂದು ವಿಸರ್ಜನೆ, ಇನ್ನೊಂದು ವಿಚ್ಛೇದನ. ಪಾಲುದಾರಿಕೆ ಮುಗಿಸುವಾಗ ಮೊದಲು ಸಾಲ ತೀರಿಸಿ, ಆಮೇಲೆ ಬಂಡವಾಳ, ಉಳಿದಿದ್ದು ಹಂಚಿಕೆ ಅಂತ ಲೆಕ್ಕ ಇದೆ. ಇಪ್ಪತ್ತು ವರ್ಷ ರೊಟ್ಟಿ ತಟ್ಟಿದ್ದನ್ನ ಯಾವ ಕಾಲಂಗೆ ಹಾಕೋದು ಅಂತ ಯಾವ ಪುಸ್ತಕದಲ್ಲೂ ಹೇಳಿಕೊಟ್ಟಿಲ್ಲ.

ನಮ್ಮ ಮನೆಯಲ್ಲೂ ಒಂದು ಪಾಲು ಪಾರಿಖತ್ತು ಇದೆ, 1991ರದ್ದು. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಬೇರೆ ಆದಾಗ ಛಾಪಾ ಕಾಗದದ ಮೇಲೆ ಬರೆಸಿದ್ದು. ಭದ್ರಾ ನಾಲೆಯ ಗದ್ದೆ, ಪಂಪ್‌ಸೆಟ್ಟು, ಹಿತ್ತಲ ತೆಂಗಿನಮರ, ಎಲ್ಲಾ ಎಣಿಸಿ ಬರೆದಿದ್ದಾರೆ. ಕೆಳಗೆ ಸಾಕ್ಷಿಗಳ ರುಜು, ಬರೆದವನ ‘ಬಿಕ್ಕಲಂ’. ಹೋದ ತಿಂಗಳು ಈ ಎಪಿಸೋಡಿಗೆ ಅಂತ ಅದನ್ನ ಅತ್ತೆಗೆ, ಅಂದ್ರೆ ಅಪ್ಪನ ಅಕ್ಕನಿಗೆ, ಜೋರಾಗಿ ಓದಿ ಹೇಳಿದೆ. ಪೂರ್ತಿ ಕೇಳಿ, ‘ತೆಂಗಿನಮರದ ಹೆಸ್ರೂ ಬರ್ದಾರೆ. ಅದ್ರಾಗೆ ನನ್ ಹೆಸ್ರು ಎಲ್ಲೈತಪ್ಪಾ?’ ಅಂದ್ರು. ಇರಲಿಲ್ಲ. ಅವರಿಗೆ ಅಷ್ಟು ಹೊತ್ತಿಗೆ ಮದುವೆ ಆಗಿತ್ತು. ಹಬ್ಬಕ್ಕೆ ಕರೆದು ಉಡಿ ತುಂಬ್ತಾರೆ, ಅಷ್ಟೇ.

ಇಲ್ಲಿ ಒಂದು ಕ್ರಿಯಾಪದದ ವಿಷಯ ಹೇಳಬೇಕು, ಯಾಕಂದ್ರೆ ಎಷ್ಟೋ ಎಕರೆ ಅದರ ಮೇಲೆ ನಿಂತಿದೆ. ‘ಈ ಪತ್ರದ ಮೂಲಕ ಪಾಲು ಮಾಡಿಕೊಳ್ಳುತ್ತೇವೆ’ ಅಂತ ಬರೆದರೆ ಆ ಕಾಗದವೇ ಪಾಲು ಮಾಡ್ತಾ ಇದೆ. 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗಬೇಕು. ‘ಈಗಾಗಲೇ ಪಾಲು ಮಾಡಿಕೊಂಡಿರುತ್ತೇವೆ’ ಅಂತ ಬರೆದರೆ ಆಗಿಹೋದದ್ದರ ನೆನಪಿನ ಚೀಟಿ, ರಿಜಿಸ್ಟರ್ ಬೇಕಿಲ್ಲ. ಇದು ಅನುಭವಸ್ಥ ಪತ್ರ ಬರಹಗಾರರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಾಗದದಲ್ಲಿ ಇರೋದು ‘ಇರುತ್ತೇವೆ’.

ಆಮೇಲೆ ಕಾನೂನು ಓಡಿತು. ಮಗಳಿಗೆ ಮಗನಷ್ಟೇ ಪಾಲು ಅಂತ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು, ಆದ್ರೆ ಅದಕ್ಕೂ ಮುಂಚೆ ಮದುವೆ ಆದವರನ್ನ ಹೊರಗಿಟ್ಟಿತು. 2005ರಲ್ಲಿ ದೇಶದ ಕಾಯ್ದೆ ಬದಲಾಗಿ ಮದುವೆಯ ಅಡ್ಡಿ ಹೋಯಿತು. 2004ರ ಡಿಸೆಂಬರ್ 20ಕ್ಕೆ ಮುಂಚಿನ ಪಾಲು ನಿಲ್ಲಬೇಕಾದ್ರೆ ರಿಜಿಸ್ಟರ್ ಆಗಿರಬೇಕು ಇಲ್ಲವೇ ಕೋರ್ಟ್ ಡಿಕ್ರಿ ಇರಬೇಕು ಅಂತಲೂ ಹೇಳಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಬಾಯಿಮಾತಿನ ಪಾಲನ್ನ ಅಪರೂಪಕ್ಕೆ ಮಾತ್ರ, ಸರ್ಕಾರಿ ದಾಖಲೆಗಳ ಬೆಂಬಲ ಇದ್ದರೆ ಮಾತ್ರ ಒಪ್ಪಬಹುದು ಅಂದಿತು. ಹಳೇ ‘ಇರುತ್ತೇವೆ’ ಕಾಗದಗಳಿಗೆ ಮೊದಲಿನ ಧೈರ್ಯ ಇಲ್ಲ. ನಾನು ಲಾಯರ್ ಅಲ್ಲ, ನಿಮ್ಮ ಮನೆ ಕಾಗದವನ್ನ ಲಾಯರಿಗೇ ತೋರಿಸಿ.

ಸೋಡಚೀಟಿಯ ಗತಿಯೂ ಹೀಗೇ. 1955ರ ಕಾಯ್ದೆಯ 29ನೇ ಕಲಮು ರೂಢಿಯ ಬಿಡುಗಡೆಯನ್ನ ಉಳಿಸಿಕೊಂಡಿದೆ, ಇವತ್ತಿಗೂ. ಆದ್ರೆ ನಮ್ಮ ಸಮುದಾಯದಲ್ಲಿ ಈ ರೂಢಿ ಇದೆ ಅಂತ ಹೇಳಿಕೊಂಡವರೇ ಸಾಬೀತು ಮಾಡಬೇಕು ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಈಗ ಫಾರ್ವರ್ಡ್ ಕಡೆ ಒಮ್ಮೆ ನೋಡಿ. ಒಬ್ಬ ಹೆಂಗಸು, ಹಿರಿಯರ ಮುಂದೆ ಸೋಡಚೀಟಿ ಆಗಿದೆ, ಕೂಡಿಕೆ ಮಾಡ್ಕೊಂಡಿದ್ದಾಳೆ, ಮಕ್ಕಳಿದ್ದಾರೆ. ಎರಡನೇ ಗಂಡ ಸತ್ತಮೇಲೆ ಅವನ ಅಣ್ಣತಮ್ಮಂದಿರು, ಇದು ಮದುವೆಯೇ ಅಲ್ಲ, ಮೊದಲನೇದು ಬಿಟ್ಟೇ ಇಲ್ಲ ಅಂತಾರೆ. ಅವಳು ಕೋರ್ಟಿನಲ್ಲಿ ನಿಂತು ನಮ್ಮಲ್ಲಿ ಈ ಪದ್ಧತಿ ಇತ್ತು ಅಂತ ತೋರಿಸಬೇಕು. ನಂಜುಂಡಯ್ಯನವರ ಸಂಪುಟದಂಥ ಪುಟಗಳೇ ಅವಳ ಕೈಲಿರೋದು. ಅದೇ ಹೊತ್ತಿಗೆ ಊರಿನ ಎಲ್ಲಾ ಫೋನಿನಲ್ಲೂ, ನಮ್ಮಲ್ಲಿ ಅದಕ್ಕೆ ಪದವೇ ಇರಲಿಲ್ಲ ಅಂತ ಮೆಸೇಜು ಓಡಾಡ್ತಾ ಇರತ್ತೆ.

ಅತ್ತೆ ಕೇಳಿದ್ದಕ್ಕೆ ಅಪ್ಪ ಇನ್ನೂ ಉತ್ತರ ಕೊಟ್ಟಿಲ್ಲ. ಈ ಎಪಿಸೋಡ್ ಬಂದಮೇಲೆ ಕೊಡ್ತಾರೋ, ನನ್ನ ಮೈಕ್ ಕಿತ್ತುಕೊಳ್ತಾರೋ ನೋಡೋಣ.

ನಿಮ್ಮ ಮನೆಯ ಟ್ರಂಕಿನಲ್ಲಿ ಹಳೇ ಸೋಡಚೀಟಿ, ವಾಟ್ನಿ, ಪಾರಿಖತ್ತು ಏನಾದ್ರೂ ಇದ್ದರೆ ಫೋಟೋ ತೆಗೆದು ಕಳಿಸಿ. ಹೆಸರು, ಸರ್ವೆ ನಂಬರ್ ಮೇಲೆ ಬೆರಳಿಟ್ಟು ಮುಚ್ಚಿ. ನನಗೆ ಬೇಕಾಗಿರೋದು ಅದರ ಕನ್ನಡ. ಆ ಕಡೆ ದಡದವರು, ರಾಣೆಬೆನ್ನೂರು, ಬ್ಯಾಡಗಿ ಕಡೆಯವರು, ಮುಖ್ಯವಾಗಿ ನೀವು ಕಳಿಸಿ. ನನ್ನ ಹತ್ತಿರ ಇರೋದೆಲ್ಲಾ ಈ ದಡದ್ದೇ.