ಧೂಮಪಾನ ನಿಷೇಧ ಮತ್ತು ಆತಿಥ್ಯೋದ್ಯಮ (ಸಿಂಗಪುರ)

ಸಿಂಗಪುರದಲ್ಲಿ 1970ರಲ್ಲಿ ಬಸ್ಸು, ಚಿತ್ರಮಂದಿರಗಳಿಂದ ಆರಂಭವಾದ ಧೂಮಪಾನ ನಿಷೇಧವು 2006ರ ಜುಲೈಯಲ್ಲಿ ಹಾಕರ್ ಸೆಂಟರ್ (ಆಹಾರ ಮಳಿಗೆಗಳ ಸಂಕೀರ್ಣ), ಕಾಫಿ ಅಂಗಡಿಗಳಿಗೂ, ಮರುವರ್ಷ ಪಬ್, ನೈಟ್‌ಕ್ಲಬ್‌ಗಳಿಗೂ ವಿಸ್ತರಿಸಿತು. ಪಬ್ಬಿನೊಳಗೆ ಸೇದಲು ಪ್ರತ್ಯೇಕ ಕೊಠಡಿಗೆ ಅವಕಾಶವಿತ್ತು. ಅದು ಒಟ್ಟು ಜಾಗದ ಶೇ. 10ನ್ನು ಮೀರುವಂತಿರಲಿಲ್ಲ. ಬಾಡಿಗೆ ದುಬಾರಿಯಾದ ಊರಿನಲ್ಲಿ ಸಣ್ಣ ಮಾಲೀಕರಿಗೆ ಅಂಥ ಕೊಠಡಿಗೆ ಜಾಗ ಬಿಡುವುದು ಭಾರವೇ. ಕಾಫಿ ಅಂಗಡಿಗಳ ಹೊರಾಂಗಣದಲ್ಲಿ ಹಳದಿ ಗೆರೆ ಎಳೆದ ಮೂಲೆಯಲ್ಲಷ್ಟೇ ಸೇದಬಹುದಿತ್ತು. 2017ರಲ್ಲಿ ಹೊಸ ಮೂಲೆಗಳಿಗೆ ಅನುಮತಿ ನಿಂತಿತು.

2010ರಲ್ಲಿ ತೆರೆದ ಎರಡು ಕ್ಯಾಸಿನೊಗಳಲ್ಲಿ ನಿಗದಿತ ಧೂಮಪಾನ ವಲಯಗಳಿವೆ. ಪೂರ್ತಿ ನಿಷೇಧಿಸಿದರೆ ಸೇದಲು ಹೊರಗೆ ಎದ್ದುಹೋದವನು ಅಷ್ಟು ಹೊತ್ತು ಪಣ ಕಟ್ಟುವುದಿಲ್ಲ. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ 2002ರ ನಿಷೇಧದ ನಂತರ ಜೂಜುಯಂತ್ರಗಳ ಆದಾಯ ಇಳಿದಿತ್ತು. ಆದರೆ ಹೊಗೆಯಲ್ಲೇ ಪಾಳಿ ಮುಗಿಸುವ ನೌಕರರ ಆರೋಗ್ಯವನ್ನು ಬಿಟ್ಟು ಹಾಕಿದ ಲಾಭನಷ್ಟದ ಲೆಕ್ಕ ಅಪೂರ್ಣ.