ವಾರವೆಂಬ ಸಾಕ್ಷಿ

ನೆರೂಳಿನ ನಮ್ಮ ಮನೆಗಳಲ್ಲಿ ಗೋಡೆಗೆ ಒಂದೇ ಕ್ಯಾಲೆಂಡರು ಸಾಲದು. ಅಡಿಗೆಮನೆಯಲ್ಲಿ ಹಾಲಿನ ಲೆಕ್ಕ ಗೀಚಿದ ಮರಾಠಿ ಕ್ಯಾಲೆಂಡರು. ದೇವರ ಮೂಲೆಯಲ್ಲಿ ಊರಿನಿಂದ ತರಿಸಿಕೊಂಡ ಪಂಚಾಂಗ. ವಾರದ ಹೆಸರಿನಲ್ಲಿಯೂ ನಾವು ಒಂದಲ್ಲ. ಧಾರವಾಡದ ಕಡೆಯವರಿಗೆ ಅದು ರವಿವಾರ, ಮೈಸೂರಿನವರಿಗೆ ಭಾನುವಾರ, ಕರಾವಳಿಯವರಿಗೆ ಆದಿತ್ಯವಾರ, ತುಳು ಮನೆಮಾತಿನವರಿಗೆ ಐತಾರ. ಲೋಕಲ್ ಗಾಡಿಗೆ ಕಾಯುವಾಗ ಮಾತ್ರ ಎಲ್ಲರಿಗೂ ಅದು ಮೆಗಾ ಬ್ಲಾಕಿನ ದಿನ!

ಇಷ್ಟು ಪರಿಚಿತವಾದ ವಾರದ ವಿಷಯದಲ್ಲಿ ಹೊಸದಾಗಿ ತಿಳಿಯಬೇಕಾದುದೇನು ಎಂದು ವಾಚಕರು ಕೇಳಬಹುದು. ನಮಗೂ ಹಾಗೆಯೇ ಅನಿಸಿತ್ತು. ಆದರೆ ನಾವು ಹತ್ತಿರದಿಂದ ಬಲ್ಲ ಒಂದು ಕಚೇರಿಯಲ್ಲಿ 2024ರ ವರ್ಷಾಂತ್ಯಕ್ಕೆ ಗುತ್ತಿಗೆ ಕೆಲಸಗಾರರ ಎರಡು ದಿನಗಳ ಕೂಲಿ ಕಾಣೆಯಾಯಿತು. ಡಿಸೆಂಬರ್ 30 ಮತ್ತು 31ರಂದು ಅವರು ಬಂದು ದುಡಿದದ್ದು ನಿಜ. ಹಾಜರಿ ಪುಸ್ತಕದಲ್ಲಿ ಸಹಿಯೂ ಇತ್ತು. ಗಣಕಯಂತ್ರ ಕೊಟ್ಟ ಪಟ್ಟಿಯಲ್ಲಿ ಮಾತ್ರ ಆ ದಿನಗಳೇ ಇರಲಿಲ್ಲ. ಯಾರೂ ಕದ್ದಿರಲಿಲ್ಲ, ವಾರದ ಸಂಖ್ಯೆಯ ಲೆಕ್ಕ ತಪ್ಪಿತ್ತು. ಅದು ಹೇಗೆಂದು ತಿಳಿಯಲು ಹೋದವರಿಗೆ ಶಾಸನಗಳ ಕಾಲದವರೆಗೆ ಹಿಂದೆ ನಡೆಯಬೇಕಾಯಿತು.

ತಿಂಗಳಿಗೆ ಚಂದ್ರನಿದ್ದಾನೆ, ವರ್ಷಕ್ಕೆ ಸೂರ್ಯನಿದ್ದಾನೆ. ಏಳು ದಿನಗಳ ವಾರಕ್ಕೆ ಆಕಾಶದಲ್ಲಿ ಅಂಥ ಆಧಾರವಿಲ್ಲ. ಅದು ಮನುಷ್ಯನ ಎಣಿಕೆ. ಗ್ರಹಗಳ ಹೆಸರಿನ ವಾರಗಳು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಗ್ರೀಕ್ ಜ್ಯೋತಿಷದ ಜೊತೆಗೆ ನಮ್ಮ ದೇಶಕ್ಕೆ ಬಂದವು. ಅವುಗಳ ಕ್ರಮ ಹೋರೆಗಳಿಂದ ಹುಟ್ಟಿದ್ದು. ನಿಧಾನವಾಗಿ ಚಲಿಸುವ ಗ್ರಹದಿಂದ ತೊಡಗಿ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ಸಾಲಾಗಿ ಒಂದೊಂದು ಹೋರೆಗೆ ಒಬ್ಬೊಬ್ಬ ಅಧಿಪತಿ. ದಿನಕ್ಕೆ 24 ಹೋರೆ. ರವಿಯಿಂದ ಆರಂಭಿಸಿದರೆ 25ನೆಯ ಹೋರೆ, ಅಂದರೆ ಮರುದಿನದ ಮೊದಲ ಹೋರೆ, ಚಂದ್ರನ ಪಾಲಿಗೆ ಬರುತ್ತದೆ. ಆದಿತ್ಯವಾರದ ಮರುದಿನ ಸೋಮವಾರವಾದದ್ದು ಹೀಗೆ.

ಭಾರತದಲ್ಲಿ ವಾರವನ್ನು ಹೆಸರಿಸುವ ಅತಿ ಹಳೆಯ ಶಾಸನಗಳಲ್ಲಿ ಹೆಸರಾದದ್ದು ಮಧ್ಯಪ್ರದೇಶದ ಏರಣಿನ ಬುಧಗುಪ್ತನ ಸ್ತಂಭಶಾಸನ. ಗುಪ್ತವರ್ಷ 165, ಆಷಾಢ ಶುದ್ಧ ದ್ವಾದಶಿ, ಸುರಗುರುವಿನ ದಿವಸ ಎಂದು ಅಲ್ಲಿದೆ. ಸುರಗುರುವೆಂದರೆ ಬೃಹಸ್ಪತಿ, ಗುರುವಾರವೆಂದಾಯಿತು. ಗುಪ್ತಶಕೆ ಆರಂಭವಾದದ್ದು ಯಾವಾಗ ಎಂದು ಕಳೆದ ಶತಮಾನಕ್ಕೂ ಹಿಂದೆ ವಿದ್ವಾಂಸರಲ್ಲಿ ದೊಡ್ಡ ವಾದ ನಡೆದಿತ್ತು. ಆ ವಾದವನ್ನು ತೀರ್ಮಾನಕ್ಕೆ ತಂದವರು ಜೆ. ಎಫ್. ಫ್ಲೀಟ್. ಇವರು ಬೊಂಬಾಯಿ ಸಿವಿಲ್ ಸರ್ವಿಸಿನ ಅಧಿಕಾರಿ; ಆ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿಯೇ ಬರೆದು ಕನ್ನಡಿಗರ ಕೃತಜ್ಞತೆಗೆ ಪಾತ್ರರಾದವರು. ಲೆಕ್ಕದಲ್ಲಿ ಅವರಿಗೆ ನೆರವಾದವರು ಕೊಂಕಣದ ಮುರುಡಿನಲ್ಲಿ ಹುಟ್ಟಿದ ಶಂಕರ ಬಾಳಕೃಷ್ಣ ದೀಕ್ಷಿತರು. ಶಕೆಯ ಆರಂಭವನ್ನು ಕ್ರಿ.ಶ. 319-20ಕ್ಕೆ ಇಟ್ಟು ಎಣಿಸಿದಾಗ ಆ ದ್ವಾದಶಿ 484ರ ಜೂನ್ 21ಕ್ಕೆ ಬಂತು. ಅಂದು ಗುರುವಾರವೇ ಆಗಿತ್ತು. ಒಂದು ವಾರದ ಹೆಸರು ಒಂದು ಸಾಮ್ರಾಜ್ಯದ ಕಾಲಕ್ಕೆ ಸಾಕ್ಷಿ ನುಡಿಯಿತು.

ನಮ್ಮ ನಾಡಿಗೆ ಬರೋಣ. ಕ್ರಿ.ಶ. 634-35ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಶಕವರ್ಷ 556 ಎಂದು ಹೇಳಿ ಮುಗಿಸುತ್ತಾನೆ, ವಾರದ ಮಾತಿಲ್ಲ. ಮುಂದೆ ಕಲ್ಯಾಣದ ಚಾಲುಕ್ಯರ, ಹೊಯ್ಸಳರ ಕಾಲಕ್ಕೆ ಬಂದರೆ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲವನ್ನೂ ಕಂಡರಿಸುವ ರೂಢಿ ಬೇರೂರಿದೆ. ಬೇಲೂರಿನ ಕೇಶವನ ಪ್ರತಿಷ್ಠೆಯನ್ನೇ ನೋಡಿ. ಶಕ 1039, ಹೇಮಲಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ. ಗಣಿಸಿದರೆ 1117ರ ಮಾರ್ಚ್ 10, ಶನಿವಾರ ಬರುತ್ತದೆ. ಶಾಸನಗಳಲ್ಲಿ ಸಿಗುವ ‘ವಡ್ಡವಾರ’ ಎಂಬ ವಿಚಿತ್ರ ಹೆಸರನ್ನು ಶನಿವಾರವೆಂದು ಹೆಚ್ಚಿನ ವಿದ್ವಾಂಸರು ಒಪ್ಪಿದ್ದೂ ಇಂಥ ಲೆಕ್ಕಗಳ ಬಲದಿಂದಲೇ.

ಒಂದೇ ದಿನಕ್ಕೆ ಇಷ್ಟೊಂದು ಗುರುತು ಏಕೆ? ಶುಭ ಮುಹೂರ್ತವನ್ನು ಹೇಳುವುದು ಒಂದು ಕಾರಣ. ಆದರೆ ಅದರಿಂದ ಇನ್ನೊಂದು ಉಪಕಾರವೂ ಆಯಿತು. ಕಲ್ಲಿನಲ್ಲಿ ಒಂದು ಅಂಕಿ ಸವೆದರೂ, ಕಂಡರಿಸುವವನು ಒಂದು ಕಡೆ ಎಡವಿದರೂ, ಉಳಿದ ಗುರುತುಗಳು ತಪ್ಪನ್ನು ಹಿಡಿದುಕೊಡುತ್ತವೆ. ದಾನದ ಹೊಲ ಯಾರದು ಎಂಬ ವಾದ ಬಂದಾಗ ಖೊಟ್ಟಿ ಶಾಸನ ಸಿಕ್ಕಿಬೀಳುವುದೂ ಹಲವು ವೇಳೆ ಇಲ್ಲಿಯೇ. 1922ರಲ್ಲಿ ಸ್ವಾಮಿಕಣ್ಣು ಪಿಳ್ಳೆಯವರು ಕ್ರಿ.ಶ. 700ರಿಂದ 1799ರವರೆಗಿನ ದಿನದಿನದ ಪಂಚಾಂಗವನ್ನು ಮದರಾಸಿನಲ್ಲಿ ಹೊರತಂದ ಮೇಲೆ ಈ ಪರೀಕ್ಷೆ ಸುಲಭವಾಯಿತು.

ವಾರದ ಸಾಕ್ಷಿಗೆ ಈ ಬೆಲೆ ಬಂದದ್ದು ಅದರ ಎಣಿಕೆ ಎಲ್ಲಿಯೂ ಕಡಿಯದೆ ಬಂದದ್ದರಿಂದ. ಇಂಗ್ಲೆಂಡು 1752ರಲ್ಲಿ ಹೊಸ ಕ್ಯಾಲೆಂಡರಿಗೆ ಹೊರಳಿದಾಗ ಸೆಪ್ಟೆಂಬರ್ 2ರ ಮರುದಿನವೇ 14 ಎಂದಾಯಿತು. ಹನ್ನೊಂದು ತಾರೀಖುಗಳು ಮಾಯವಾದವು. ಆದರೆ ಬುಧವಾರದ ಮರುದಿನ ಗುರುವಾರವೇ ಬಂತು. ನಮ್ಮ ಜ್ಯೋತಿಷಿಗಳು ಕಲಿಯುಗದ ಆರಂಭವನ್ನು ಶುಕ್ರವಾರವೆಂದು ಇಟ್ಟುಕೊಂಡು, ಅಲ್ಲಿಂದ ಕಳೆದ ದಿನಗಳನ್ನು ಏಳರಿಂದ ಭಾಗಿಸಿ, ಶೇಷದಿಂದ ವಾರ ತಿಳಿಯುತ್ತಿದ್ದರು. ಅನೇಕ ಗಣಕಯಂತ್ರಗಳು 1970ರ ಜನವರಿ 1, ಗುರುವಾರದಿಂದ ಎಣಿಸಿ ಇದನ್ನೇ ಮಾಡುತ್ತವೆ. ಮನೆಯ ಮಕ್ಕಳಿಗೆ ಒಂದು ಲೆಕ್ಕ ಕೊಡಿ. ರಾಜ್ಯ ಒಂದಾದದ್ದು 1956ರ ನವೆಂಬರ್ 1, ಗುರುವಾರ; ಅದಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1, ಅಂದೂ ಗುರುವಾರ. ನಡುವಿನ ದಿನಗಳು 6,209. ಏಳರಿಂದ ಭಾಗಿಸಿದರೆ ಸರಿಯಾಗಿ 887 ವಾರಗಳು, ಶೇಷ ಸೊನ್ನೆ.

ವಾರದ ಎಣಿಕೆ ಕಡಿಯಲಿಲ್ಲ, ನಿಜ; ಆದರೆ ವಾರದ ಮೊದಲ ದಿನ ಯಾವುದು, ಬಿಡುವಿನ ದಿನ ಯಾವುದು ಎಂಬುದು ಜನರ ಒಪ್ಪಂದ. ಊರಿನಲ್ಲಿ ಅದನ್ನು ಸಂತೆ ನಿರ್ಣಯಿಸಿತು. ಕೊಡಗಿನ ಶನಿವಾರಸಂತೆ, ಸೋಮವಾರಪೇಟೆಗಳ ಹೆಸರೇ ಅದನ್ನು ಸಾರುತ್ತವೆ. ಮುಂಬಯಿಯ ಗಿರಣಿಗಳಲ್ಲಿ ಅದಕ್ಕಾಗಿ ಹೋರಾಡಬೇಕಾಯಿತು. ನಮ್ಮ ನೆರೆಯ ಠಾಣೆಯಲ್ಲಿ 1848ರಲ್ಲಿ ಹುಟ್ಟಿದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿ ಕೆಲಸಗಾರರನ್ನು ಸಂಘಟಿಸಿದರು. ಅವರ ಬೇಡಿಕೆಗಳಲ್ಲಿ ಭಾನುವಾರದ ರಜೆ ಮೊದಲಿನದು. ಗಿರಣಿ ಮಾಲೀಕರು ಕೊನೆಗೆ ಒಪ್ಪಿದ್ದು 1890ರ ಜೂನ್ 10ರಂದು. ಅಂದು ಮಂಗಳವಾರ. ಇಂದು ನಾವು ಸಂಘದ ಕಾರ್ಯಕ್ರಮಗಳನ್ನು ಭಾನುವಾರಕ್ಕೆ ಇಟ್ಟುಕೊಳ್ಳುವಾಗ ಆ ಮಂಗಳವಾರವನ್ನು ನೆನೆಯುವವರು ವಿರಳ.

ಇನ್ನು ಆ ಎರಡು ದಿನಗಳ ಕೂಲಿಯ ಮಾತು. ಗಣಕಯಂತ್ರದ ಮಾಹಿತಿಕೋಶಗಳಲ್ಲಿಯೂ ವಾರದ ವಿಷಯಕ್ಕೆ ಒಮ್ಮತವಿಲ್ಲ. ಪೋಸ್ಟ್‌ಗ್ರೆಸ್ ಭಾನುವಾರಕ್ಕೆ ಸೊನ್ನೆ ಎನ್ನುವ ಎಣಿಕೆಯನ್ನೂ ಏಳು ಎನ್ನುವ ಎಣಿಕೆಯನ್ನೂ ಇಟ್ಟುಕೊಂಡಿದೆ. ಮೈಎಸ್‌ಕ್ಯುಎಲ್‌ನಲ್ಲಿ ಒಂದು ಫಂಕ್ಷನ್ ಭಾನುವಾರಕ್ಕೆ ಒಂದು ಎನ್ನುತ್ತದೆ. ಪಕ್ಕದ ಇನ್ನೊಂದು ಸೋಮವಾರಕ್ಕೆ ಸೊನ್ನೆ ಎನ್ನುತ್ತದೆ. ಒರಾಕಲ್‌ನಲ್ಲಿ ದೇಶದ ಸೆಟ್ಟಿಂಗ್ ಬದಲಾದರೆ ವಾರದ ಅಂಕಿಯೂ ಬದಲಾಗುತ್ತದೆ. ಅಂತರರಾಷ್ಟ್ರೀಯ ನಿಯಮವೊಂದಿದೆ: ಐಎಸ್‌ಒ 8601, 1988ರದು. ಅದರ ಪ್ರಕಾರ ವಾರ ಸೋಮವಾರ ಆರಂಭ. ವಾರದ ಗುರುವಾರ ಯಾವ ವರ್ಷದಲ್ಲಿ ಬೀಳುತ್ತದೆಯೋ ಇಡೀ ವಾರ ಆ ವರ್ಷದ್ದು. 2024ರ ಡಿಸೆಂಬರ್ 30 ಸೋಮವಾರ; ಆ ವಾರದ ಗುರುವಾರ 2025ರ ಜನವರಿ 2. ಆದ್ದರಿಂದ ಅದು 2025ರ ಮೊದಲನೆಯ ವಾರ. ಆ ಕಚೇರಿಯ ಪ್ರೋಗ್ರಾಮು ವಾರದ ಸಂಖ್ಯೆಯನ್ನು ಈ ನಿಯಮದಿಂದ ತೆಗೆದುಕೊಂಡು, ವರ್ಷವನ್ನು ಮಾತ್ರ ತಾರೀಖಿನಿಂದಲೇ ತೆಗೆದುಕೊಂಡಿತು. ‘2024, ವಾರ 1’ ಎಂದಾಯಿತು. ಎರಡು ದಿನಗಳ ಹಾಜರಿ ಒಂದು ವರ್ಷ ಹಿಂದಿನ, ಲೆಕ್ಕ ಮುಗಿದುಹೋದ ಜನವರಿಗೆ ಹೋಗಿ ಸೇರಿತು. ತಪ್ಪನ್ನು ಹುಡುಕಿದ್ದು ಯಂತ್ರವಲ್ಲ, ಹಾಜರಿ ಪುಸ್ತಕದಲ್ಲಿ ತಾರೀಖಿನ ಪಕ್ಕದಲ್ಲಿ ‘ಸೋಮ’, ‘ಮಂಗಳ’ ಎಂದು ಕೈಯಿಂದ ಬರೆದಿಟ್ಟಿದ್ದ ಮುಕಾದಮ. ಕೂಲಿ ತಡವಾಗಿಯಾದರೂ ಕೈಸೇರಿತು.

ಬೇಲೂರಿನ ಶಾಸನಕಾರನೂ ಈ ಮುಕಾದಮನೂ ಒಂದೇ ಪಾಠ ಹೇಳುತ್ತಾರೆ: ದಿನವನ್ನು ಒಂದೇ ಗುರುತಿನಿಂದ ಬರೆದಿಡಬೇಡಿ. ನಮ್ಮ ತರುಣ ತರುಣಿಯರಲ್ಲಿ ಅನೇಕರು ಐರೋಲಿ, ಮಹಾಪೆಗಳಲ್ಲಿ ಇದೇ ಯಂತ್ರಗಳ ಮುಂದೆ ಕುಳಿತಿದ್ದಾರೆ. ವಾರದ ಸಂಖ್ಯೆ ಬರೆಯುವಲ್ಲಿ ಅದೇ ನಿಯಮದ ವರ್ಷವನ್ನೂ ಬರೆಯಲಿ. ಪೂರ್ಣ ತಾರೀಖನ್ನು ಅಳಿಸದಿರಲಿ. ಮನೆಯಲ್ಲಿರುವ ಹಿರಿಯರಿಗೂ ಒಂದು ಬಿನ್ನಹ. ಪಂಚಾಂಗದ ದಿನ ಸೂರ್ಯೋದಯಕ್ಕೆ ಹುಟ್ಟುತ್ತದೆ, ಆಸ್ಪತ್ರೆಯ ದಿನ ನಡುರಾತ್ರಿಗೆ. ಬೆಳಗಿನ ಜಾವ ನಾಲ್ಕಕ್ಕೆ ಹುಟ್ಟಿದ ಮೊಮ್ಮಗುವಿನ ವಾರದ ಬಗ್ಗೆ ಅಜ್ಜಿಗೂ ದಾಖಲೆಗೂ ಜಗಳ ಬೇಡ, ಇಬ್ಬರೂ ಸರಿ. ತಾರೀಖು, ವಾರ, ತಿಥಿ, ಗಂಟೆ ನಾಲ್ಕನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಯಾರಾದರೂ ಕೇಳಿದಾಗ ಸಾಕ್ಷಿ ಹೇಳಲು ವಾರವೊಂದು ಉಳಿದಿರುತ್ತದೆ.