ಜೀಪಿನ ಬೆನ್ನಿಗೆ ಬಂದ ಗಾಡಿ

ಯುದ್ಧ ಮುಗಿದ ಮೇಲೆ ಸೈನ್ಯದ ಸಾಮಾನೆಲ್ಲ ಏನಾಗುತ್ತದೆ? ಎರಡನೆಯ ಮಹಾಯುದ್ಧದ ನಂತರ ಫಿಲಿಪ್ಪೀನ್ಸ್‌ನಲ್ಲಿ ಉಳಿದುಹೋದ ಅಮೆರಿಕದ ಜೀಪುಗಳು ಮನಿಲಾದ ಬೀದಿಗಳಲ್ಲಿ ಪ್ರಯಾಣಿಕರನ್ನು ಹೊರುವ 'ಜೀಪ್ನಿ'ಗಳಾದ ಕಥೆಯನ್ನು ಹಲವರು ಬಲ್ಲರು. ಆ ಜೀಪುಗಳ ಬೆನ್ನಿಗೆ ಕಟ್ಟಿಕೊಂಡು ಬಂದ ಪುಟ್ಟ ಟ್ರೈಲರ್‌ನ ಕಥೆ ಬಲ್ಲವರು ಕಡಿಮೆ. ಅಮೆರಿಕದಲ್ಲಿ ಕಾಡು, ಮರುಭೂಮಿಗಳ ಕಚ್ಚಾ ಹಾದಿ ಹಿಡಿದು ಬಿಡಾರ ಹೂಡಲು ಹೋಗುವ ಹವ್ಯಾಸಿಗಳು ಇಂದಿಗೂ ಹುಡುಕುವುದು ಆ ಗಾಡಿಯನ್ನು, ಇಲ್ಲವೇ ಅದರ ವಂಶದ ಇನ್ನೊಂದನ್ನು.

ಈ ಗಾಡಿಯ ಕಥೆ ಆರಂಭವಾಗುವುದು ಒಂದು ಸೋಲಿನಿಂದ. 1940ರಲ್ಲಿ ಅಮೆರಿಕದ ಸೈನ್ಯ, ನಾಲ್ಕೂ ಚಕ್ರಗಳಿಗೆ ಎಂಜಿನ್‌ನ ಬಲ ಸಿಗುವ ಹಗುರ ವಾಹನವೊಂದು ಬೇಕೆಂದು ನೂರಕ್ಕೂ ಹೆಚ್ಚು ಕಂಪನಿಗಳಿಗೆ ಆಹ್ವಾನ ಕಳಿಸಿತು. ಮಾದರಿ ಒಪ್ಪಿಸಲು ಕೊಟ್ಟ ಗಡುವು ಕೇವಲ 49 ದಿನ. ಆ ಗಡುವನ್ನು ಪಾಲಿಸಿದ್ದು ಪೆನ್ಸಿಲ್ವೇನಿಯಾ ರಾಜ್ಯದ ಬಟ್ಲರ್ ಪಟ್ಟಣದ 'ಅಮೆರಿಕನ್ ಬ್ಯಾಂಟಮ್' ಎಂಬ ಸಣ್ಣ ಕಂಪನಿ. ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್ ನಕ್ಷೆ ಹಾಕಿದ ಆ ಮೊದಲ ವಾಹನ ಸೆಪ್ಟೆಂಬರ್ 23ರಂದು ಸೈನ್ಯದ ಕೈ ಸೇರಿತು.

ಆದರೆ ಸೈನ್ಯಕ್ಕೆ ಬೇಕಾಗಿದ್ದುದು ಲಕ್ಷಗಟ್ಟಲೆ ವಾಹನ. ಅಷ್ಟು ದೊಡ್ಡ ಕೆಲಸ ಬ್ಯಾಂಟಮ್‌ಗೆ ಸಾಧ್ಯವಿಲ್ಲವೆಂದು ಗುತ್ತಿಗೆಗಳು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾದವು. ಯುದ್ಧಕಾಲದಲ್ಲಿ ತಯಾರಾದ ಆರು ಲಕ್ಷಕ್ಕೂ ಹೆಚ್ಚು ಜೀಪುಗಳಲ್ಲಿ ಬ್ಯಾಂಟಮ್‌ನವು ಮೂರು ಸಾವಿರಕ್ಕೂ ಕಡಿಮೆ. ಅದಕ್ಕೆ ದಕ್ಕಿದ್ದು ಜೀಪು ಎಳೆಯುವ ಟ್ರೈಲರ್ ತಯಾರಿಸುವ ಕೆಲಸ. 1947ರಲ್ಲಿ ಮುಂಬಯಿಯ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದ್ದರಿಂದ ಆ ಹೆಸರು ನಮಗೂ ಪರಿಚಿತವಾಯಿತು. ಬ್ಯಾಂಟಮ್‌ನ ಹೆಸರು ಅಷ್ಟು ದೂರ ಬರಲಿಲ್ಲ.

ಟ್ರೈಲರ್ ಮಾತ್ರ ಜಾಣತನದಿಂದ ರೂಪುಗೊಂಡಿತ್ತು. ಕಾಲು ಟನ್ನಿನ ಈ ಗಾಡಿ ಒರಟು ನೆಲದಲ್ಲಿ 500 ಪೌಂಡು, ಎಂದರೆ ಸುಮಾರು 227 ಕಿಲೋ, ಹೊರುತ್ತಿತ್ತು. ಅದರ ಚಕ್ರ, ಟೈರುಗಳು ಜೀಪಿನವೇ ಆದ್ದರಿಂದ ಎರಡಕ್ಕೂ ಒಂದೇ ಹೆಚ್ಚುವರಿ ಚಕ್ರ ಸಾಕು. ಗಾಡಿ ಜೀಪಿನ ಜಾಡಿನಲ್ಲೇ ಹಿಂಬಾಲಿಸುತ್ತಿತ್ತು. ಟ್ರೈಲರ್‌ನ ಮೂತಿಯ ಉಕ್ಕಿನ ಬಳೆಯನ್ನು ಜೀಪಿನ ಹಿಂದಿನ ಕೊಕ್ಕೆಗೆ ಸಿಕ್ಕಿಸುತ್ತಿದ್ದರಿಂದ, ಒಂದು ಹಳ್ಳದಲ್ಲೂ ಇನ್ನೊಂದು ದಿಬ್ಬದ ಮೇಲೂ ಇದ್ದಾಗಲೂ ಜೋಡಣೆ ಬಿಗಿದುಕೊಳ್ಳುತ್ತಿರಲಿಲ್ಲ. ತೊಟ್ಟಿಯಂಥ ಒಡಲಿನೊಳಗೆ ನೀರು ನುಗ್ಗುತ್ತಿರಲಿಲ್ಲ. ಹೊಳೆ ದಾಟುವಾಗ ಗಾಡಿ ತೇಲುತ್ತಿತ್ತು. ಮಳೆಗೆ ತುಂಬಿಕೊಂಡ ನೀರನ್ನು ತಳದ ಬಿರಡೆ ತೆಗೆದು ಹರಿಯಬಿಡಬಹುದಿತ್ತು.

ಯುದ್ಧಾನಂತರ ಹೆಚ್ಚುವರಿ ಸಾಮಗ್ರಿಯಾಗಿ ಈ ಗಾಡಿಗಳು ರೈತರ, ಬೇಟೆಗಾರರ ಕೈ ಸೇರಿದವು. ಸೈನ್ಯವೂ ಅದೇ ಮಾದರಿಯನ್ನು ಮುಂದುವರಿಸಿ 1950ರ ದಶಕದಲ್ಲಿ 'ಎಂ-100', 1960ರ ದಶಕದಲ್ಲಿ 'ಎಂ-416' ಟ್ರೈಲರ್‌ಗಳನ್ನು ಬಳಕೆಗೆ ತಂದಿತು. ಸೇವೆ ಮುಗಿದ ಮೇಲೆ ಇವೂ ಹರಾಜಿಗೆ ಬಂದವು.

ಸೈನಿಕನಿಗೆ ಬೇಕಾದದ್ದೇ ಬಹುಪಾಲು ಬಿಡಾರ ಹೂಡುವವನಿಗೂ ಬೇಕು. ಆತ ಬದಲಾಯಿಸುವುದು ಕೆಲವನ್ನಷ್ಟೆ. ಎಂ-416ರ ದೀಪಗಳು ಸೈನ್ಯದ 24 ವೋಲ್ಟ್‌ನವು. ಸಾಮಾನ್ಯ ಕಾರಿನ 12 ವೋಲ್ಟ್‌ಗೆ ಹೊಂದುವಂತೆ ಅವನ್ನು ಮಾರ್ಪಡಿಸಬೇಕು. ಒಡಲಿಗೆ ಮುಚ್ಚಳ ಹಾಕಿ ನೀರಿನ ಕ್ಯಾನು, ಒಲೆ, ಹಾಸಿಗೆ ತುಂಬುತ್ತಾರೆ. ಮೇಲೆ ಚೌಕಟ್ಟು ಕಟ್ಟಿ ಡೇರೆ ಕೂರಿಸುವವರೂ ಇದ್ದಾರೆ. ಆದರೆ ಭಾರ ಮೇಲೇರಿದಷ್ಟೂ ಓರೆ ಹಾದಿಯಲ್ಲಿ ಗಾಡಿ ಮಗುಚುವ ಭಯ ಹೆಚ್ಚು.

ಎಲ್ಲರನ್ನೂ ಯೋಚನೆಗೆ ಹಚ್ಚುವುದು ಹಿಂಬದಿಯ ಬಾಗಿಲು. ನೀರು ನುಗ್ಗಬಾರದೆಂಬ ಕಾರಣಕ್ಕೆ ಸೈನ್ಯ ಅಲ್ಲಿ ಬಾಗಿಲು ಇಟ್ಟಿರಲಿಲ್ಲ. ಎಲ್ಲವನ್ನೂ ಮೇಲಿನಿಂದಲೇ ಎತ್ತಿ ಇಳಿಸಬೇಕು. ಅಡುಗೆಗೆ ಅನುಕೂಲವಾಗಲೆಂದು ಹಲವರು ಉಕ್ಕನ್ನು ಕತ್ತರಿಸಿ ಬಾಗಿಲು ಕೂರಿಸುತ್ತಾರೆ. ಒಲೆ ಕೈಗೆ ಸಿಗುತ್ತದೆ, ಆದರೆ ಗಾಡಿ ಮತ್ತೆ ತೇಲುವುದಿಲ್ಲ. ಕತ್ತರಿಸದೆ ಹಾಗೇ ಉಳಿಸಿಕೊಂಡವರೂ ಇದ್ದಾರೆ. ಬ್ಯಾಂಟಮ್ ಕಂಪನಿ 1950ರ ದಶಕದಲ್ಲೇ ಮರೆಯಾಯಿತು. ಜೀಪು ಕೈತಪ್ಪಿದ ಮೇಲೆ ಅದು ರೂಢಿಗೆ ತಂದ ಬಗೆಯ ಗಾಡಿ, ಗೆದ್ದವರ ಜೀಪುಗಳ ಹಿಂದೆ ಇನ್ನೂ ಉರುಳುತ್ತಿದೆ.